ಹೆಸರಿಲ್ಲದ ವಾಲ್ವ್ ರೇಡಿಯೋ: ಮಾಡಿದವರು ಯಾರು ಅಂತ ಪತ್ತೆ ಹಚ್ಚುವುದು ಹೇಗೆ?

ಅಟ್ಟದಿಂದ ಇಳಿಸಿದ್ದೋ, ಹಳೇ ಸಾಮಾನಿನ ರಾಶಿಯಲ್ಲಿ ಸಿಕ್ಕಿದ್ದೋ, ಅಂತೂ ನಿಮ್ಮ ಮುಂದೆ ಒಂದು ವಾಲ್ವ್ ರೇಡಿಯೋ, ಅಂದರೆ ಟ್ರಾನ್ಸಿಸ್ಟರ್‌ಗೆ ಮುಂಚಿನ, ಗಾಜಿನ ವಾಲ್ವ್‌ಗಳಿಂದ ನಡೆಯುವ ರೇಡಿಯೋ ಇದೆ. ಮುಂದುಗಡೆ ಹೆಸರಿಲ್ಲ. ಹಿಂದಿನ ರಟ್ಟು ಯಾವಾಗಲೋ ಕಳೆದುಹೋಗಿದೆ. ನಾಲ್ಕು ನಾಬ್‌ನಲ್ಲಿ ಒಂದು ಬೇರೆ ಜಾತಿಯದ್ದು. ರಿಪೇರಿ ಮಾಡೋಣ ಅಂದರೆ ಸರ್ಕ್ಯೂಟ್ ಬೇಕು, ಸರ್ಕ್ಯೂಟ್ ಹುಡುಕೋಣ ಅಂದರೆ ಕಂಪನಿ ಮತ್ತು ಮಾಡೆಲ್ ಗೊತ್ತಿರಬೇಕು. ಅದೇ ಗೊತ್ತಿಲ್ಲ.

ತಮಾಷೆ ಏನಂದರೆ, ಇಂಥ ಸೆಟ್ಟಿನ ಒಳಗೆ ಹೆಸರುಗಳಿಗೇನೂ ಬರ ಇರುವುದಿಲ್ಲ. ವಾಲ್ವ್ ಮೇಲೊಂದು ಹೆಸರು, ಸ್ಪೀಕರ್ ಮೇಲೊಂದು, ಕಂಡೆನ್ಸರ್ ಮೇಲೊಂದು, ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಪೆಟ್ಟಿಗೆಯ ಒಳಮೈಯಲ್ಲಿ ಇನ್ನೊಂದು. ಹೊಸಬರು ಇವುಗಳಲ್ಲಿ ಮೊದಲು ಕಂಡದ್ದನ್ನು ಹಿಡಿದು ಕೂರುತ್ತಾರೆ. ನಾನೂ ಹಾಗೇ ಮಾಡಿದವನು. ಆದರೆ ಅವೆಲ್ಲ ರೇಡಿಯೋ ಕಂಪನಿ ಹೊರಗಿನಿಂದ ಕೊಂಡು ತಂದ ಸಾಮಾನಿನ ಹೆಸರುಗಳು. ಬೇಕಲೈಟ್ ಮೇಲಿನ ಮುದ್ರೆ ಎಷ್ಟೋ ಸಲ ಪೆಟ್ಟಿಗೆ ಎರಕ ಹೊಯ್ದವರದ್ದು, ರೇಡಿಯೋ ಮಾಡಿದವರದ್ದಲ್ಲ. ಹಾಗಾಗಿ ಈ ಕೆಲಸದಲ್ಲಿ ನಾನು ಒಂದೇ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಕೊಂಡು ತಂದ ಭಾಗಗಳಿಂದ ಕಾಲ ತಿಳಿದುಕೊಳ್ಳಬೇಕು, ಕಂಪನಿ ತಾನೇ ಮಾಡಿಕೊಂಡ ಭಾಗಗಳಿಂದ ಕಂಪನಿಯನ್ನು. ಇದೂ ಒಂದು ಸಲ ನನಗೆ ಕೈಕೊಟ್ಟಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಮಾತು. ಪ್ಲಗ್ ಹಾಕಬೇಡಿ. ಪತ್ತೆದಾರಿಗೆ ಕರೆಂಟ್ ಬೇಕಾಗಿಲ್ಲ. "ಹಾಡುತ್ತಾ ನೋಡೋಣ" ಅಂತ ಸುಮ್ನೆ ಪ್ಲಗ್ ಹಾಕಿ, ಹಳೇ ಕಂಡೆನ್ಸರ್ ಲೀಕ್ ಆಗಿ, ಟ್ರಾನ್ಸ್‌ಫಾರ್ಮರ್ ಸುಟ್ಟುಕೊಂಡವರು ಬಹಳ ಜನ. ಇನ್ನೂ ಅಪಾಯದ ವಿಷಯ ಅಂದರೆ, ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ಟುಗಳಲ್ಲಿ ಮೇನ್ಸ್‌ನ (ಮನೆ ಕರೆಂಟಿನ) ಒಂದು ತಂತಿ ನೇರವಾಗಿ ಚಾಸಿಗೆ, ಅಂದರೆ ಭಾಗಗಳನ್ನು ಕೂರಿಸಿದ ಲೋಹದ ತಟ್ಟೆಗೆ ಹೋಗಿರುತ್ತದೆ, ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿಯೇ ಶಾಕ್ ಹೊಡೆಯುತ್ತದೆ. ಅಂಥ ಸೆಟ್ಟಲ್ಲಿ ನಾಬ್‌ನ ಸಣ್ಣ ಸ್ಕ್ರೂ ಮೇಲೆ ಮೇಣ ತುಂಬಿರುವುದು ಬೆರಳಿಗೆ ಲೋಹ ತಾಗದಿರಲಿ ಅಂತಲೇ. ಒಳಗೆ ಬಿಸಿ ಜಾಗದಲ್ಲಿ ಬೂದು ಬಣ್ಣದ ಹಾಳೆ ಅಂಟಿಸಿದ್ದರೆ ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಕೆರೆಯಬೇಡಿ, ಊದಬೇಡಿ.

ಹೆಸರು ಯಾಕಿಲ್ಲ ಅನ್ನುವುದೇ ಮೊದಲ ಸುಳಿವು

ಜಾಸ್ತಿ ಸಲ ಉತ್ತರ ಸರಳ: ಬ್ಯಾಡ್ಜ್ ಬಿದ್ದುಹೋಗಿದೆ. ಆದರೆ ಹೆಸರೇ ಇಲ್ಲದೆ ಹುಟ್ಟಿದ ಸೆಟ್ಟುಗಳೂ ಇವೆ. ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧದ ಸಮಯದಲ್ಲಿ, 1944ರಲ್ಲಿ, ಸರ್ಕಾರ ಒಂದೇ ನಮೂನೆಯ ರೇಡಿಯೋವನ್ನು ಬೇರೆ ಬೇರೆ ಕಂಪನಿಗಳಿಂದ ಮಾಡಿಸಿತು. ವಾರ್‌ಟೈಮ್ ಸಿವಿಲಿಯನ್ ರಿಸೀವರ್ ಅಂತ ಅದರ ಹೆಸರು, ವಿನ್ಯಾಸ ಮರ್ಫಿ ಕಂಪನಿಯ ಎಂಜಿನಿಯರ್ ಜಿ. ಡಿ. ರೆನಾಲ್ಡ್ಸ್ ಅವರದ್ದು. ಸಾದಾ ಮರದ ಪೆಟ್ಟಿಗೆ, ಮೀಡಿಯಂ ವೇವ್ ಮಾತ್ರ, ಎಲ್ಲೂ ಬ್ರ್ಯಾಂಡ್ ಇಲ್ಲ. ಮಾಡಿದವರು ಯಾರು ಅನ್ನುವುದು 'ಯು' ಅಕ್ಷರದ ಜೊತೆಗಿನ ಒಂದು ಸಂಖ್ಯೆಯಲ್ಲಿ ಅಡಗಿರುತ್ತದೆ. ಜರ್ಮನಿಯಲ್ಲಿ 1933ರಲ್ಲಿ ಬಂದ ಫೋಕ್ಸ್‌ಎಂಪ್‌ಫ್ಯಾಂಗರ್ ವಿಇ301 ಕೂಡ ಇದೇ ತರಹ. ಹತ್ತಾರು ಕಂಪನಿಗಳು ಒಂದೇ ಮುಖದ ಸೆಟ್ಟು ಮಾಡಿದವು, ಹಾಗಾಗಿ ಮುಂದಿನಿಂದ ಎಷ್ಟು ನೋಡಿದರೂ ಪ್ರಯೋಜನವಿಲ್ಲ.

ಇನ್ನೊಂದು ಗುಂಪು ಅಂಗಡಿ ಹೆಸರಿನ ಸೆಟ್ಟುಗಳದ್ದು. ಅಮೆರಿಕದಲ್ಲಿ ಸಿಯರ್ಸ್ ಮಳಿಗೆ 'ಸಿಲ್ವರ್‌ಟೋನ್' ಅಂತ ಮಾರುತ್ತಿತ್ತು, ಮಾಂಟ್ಗೊಮೆರಿ ವಾರ್ಡ್ 'ಏರ್‌ಲೈನ್' ಅಂತ ಮಾರುತ್ತಿತ್ತು. ಎರಡೂ ರೇಡಿಯೋಗಳನ್ನು ಬೇರೆಯವರಿಂದ ಮಾಡಿಸುತ್ತಿದ್ದವು. ಸಿಯರ್ಸ್ ಸೆಟ್ಟಿನ ಚಾಸಿ ನಂಬರಿನಲ್ಲಿ ಚುಕ್ಕೆಗೆ ಮುಂಚೆ ಬರುವ ಮೂರು ಅಂಕಿ ಮಾಡಿಕೊಟ್ಟವರ ಕೋಡ್. ಅಂದರೆ ಹೆಸರು ಬಿದ್ದುಹೋದರೂ ಆ ನಂಬರ್ ಉಳಿದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಬ್ಯಾಡ್ಜ್ ಬಿದ್ದಿದೆ ಅನ್ನುವುದಾದರೆ ಅದರ ನೆರಳು ಹುಡುಕಿ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಪೆಟ್ಟಿಗೆಗೆ ಒರಗಿಸಿ ಹಿಡಿದು ಬೆಳಕು ಮರದ ಮೇಲೆ ಹರಿದು ಹೋಗುವಂತೆ ಮಾಡಿ. ಪಾಲಿಶ್ ಬಿಸಿಲಿಗೆ ಮಾಗುವಾಗ ಬ್ಯಾಡ್ಜ್ ಕೆಳಗಿನ ಜಾಗ ಮಾಗಿರುವುದಿಲ್ಲ, ಅಲ್ಲಿ ಬಣ್ಣ ಬೇರೆ ಇರುತ್ತದೆ. ಸ್ಪೀಕರ್ ಬಟ್ಟೆಯ ಮೇಲೂ ಹೀಗೇ. ಅಕ್ಷರ ಓದಲು ಆಗದಿದ್ದರೂ ಉದ್ದ ಎಷ್ಟು, ಓರೆ ಬರವಣಿಗೆಯಾ, ಮೊಳೆಯ ತೂತುಗಳ ನಡುವಿನ ಅಂತರ ಎಷ್ಟು, ಇಷ್ಟನ್ನು ಅಳೆದು ಬರೆದಿಟ್ಟುಕೊಳ್ಳಿ. ಮುಂದೆ ಯಾವುದೋ ಫೋಟೋ ಜೊತೆ ಹೋಲಿಸುವಾಗ ಇದೇ ಕೊನೆಯ ಸಾಕ್ಷಿ ಆಗುತ್ತದೆ.

ಡಯಲ್ ಓದುವುದು

ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಭಾಗ ಇದು. ಡಯಲ್ ಗಾಜು ಅಂದರೆ ಒಂದು ದೇಶದ, ಒಂದು ಕಾಲದ ನಕ್ಷೆ.

ಮೊದಲು ಬ್ಯಾಂಡ್ ಹೆಸರು ನೋಡಿ. 'ಜಿಒ, ಪಿಒ, ಒಸಿ' (ಲಾಂಗ್, ಮೀಡಿಯಂ, ಶಾರ್ಟ್ ವೇವ್) ಅಂತ ಇದ್ದರೆ ಫ್ರೆಂಚ್. 'ಯುಕೆಡಬ್ಲ್ಯು' ಅಥವಾ ಬರೀ 'ಯು' ಅಂತ ಎಫ್‌ಎಂ ಇದ್ದರೆ ಜರ್ಮನ್ ಭಾಷೆಯ ಮಾರುಕಟ್ಟೆ, ಅದೂ 1949ರ ನಂತರದ್ದು, ಯಾಕೆಂದರೆ ಅಲ್ಲಿ ಎಫ್‌ಎಂ ಪ್ರಸಾರ ಶುರುವಾಗಿದ್ದೇ ಆಗ. ರಷ್ಯನ್ ಅಕ್ಷರ ಇದ್ದರೆ ಹೇಳುವುದೇ ಬೇಡ. ಅಂಕಿಗಳು ಬರೀ ಮೀಟರ್‌ನಲ್ಲಿದ್ದರೆ ಯುರೋಪಿನ ಕಡೆಗೆ ಮನಸ್ಸು ಹೋಗಲಿ, 550ರಿಂದ ಶುರುವಾಗಿ 1500 ಅಥವಾ 1600ಕ್ಕೆ ಮುಗಿಯುವ ಕಿಲೋಸೈಕಲ್ (ಈಗಿನ ಕಿಲೋಹರ್ಟ್ಸ್) ಅಂಕಿ ಇದ್ದು ಲಾಂಗ್ ವೇವ್ ಇಲ್ಲದಿದ್ದರೆ ಅಮೆರಿಕದ ಕಡೆಗೆ.

ಆಮೇಲೆ ಸ್ಟೇಷನ್ ಹೆಸರು. ಬ್ರಿಟಿಷ್ ಡಯಲ್‌ನಲ್ಲಿ 'ಲೈಟ್' ಅಂತ ಇದ್ದರೆ ಅದು 1945ರ ಜುಲೈಗಿಂತ ಹಿಂದಿನದ್ದಲ್ಲ. 'ಥರ್ಡ್' ಅಂತಲೂ ಇದ್ದರೆ 1946ರ ಸೆಪ್ಟೆಂಬರ್‌ಗಿಂತ ಹಿಂದಿನದ್ದಲ್ಲ. ಬಿಬಿಸಿಯ ಆ ಎರಡು ಪ್ರಸಾರಗಳು ಶುರುವಾದದ್ದೇ ಆಗ. ಬಿಬಿಸಿಯ ಲಾಂಗ್ ವೇವ್ ಪ್ರಸಾರ ಕೇಂದ್ರ 'ಡ್ರಾಯ್ಟ್‌ವಿಚ್' ಹೆಸರು ಇದ್ದರೆ 1934 ಮತ್ತು ಅದರ ನಂತರ. ಯುರೋಪಿನ ಸ್ಟೇಷನ್‌ಗಳ ಜಾಗ 1950ರ ಮಾರ್ಚ್ 15ರಂದು ಕೋಪನ್‌ಹೇಗನ್ ಒಪ್ಪಂದದ ಪ್ರಕಾರ ಬದಲಾಯಿತು, ಹಾಗಾಗಿ ಒಂದೇ ಮಾಡೆಲ್‌ಗೆ ಅದಕ್ಕೆ ಮುಂಚಿನ ಡಯಲ್ ಒಂದು, ನಂತರದ್ದು ಇನ್ನೊಂದು ಇರುವುದುಂಟು. ಅಮೆರಿಕದ ಡಯಲ್‌ನಲ್ಲಿ 640 ಮತ್ತು 1240ರ ಹತ್ತಿರ ಎರಡು ಪುಟ್ಟ ತ್ರಿಕೋನ ಕಂಡರೆ ಅದು ಕಾನೆಲ್‌ರಾಡ್ ಗುರುತು, ಯುದ್ಧದ ಎಚ್ಚರಿಕೆ ಕೇಳುವ ಜಾಗ. ಅದು 1953ರಿಂದ 1963ರ ನಡುವಿನ ಸೆಟ್ಟು ಅಂತ ಹೇಳಲು ಬೇರೆ ಸಾಕ್ಷಿ ಬೇಡ.

ಇನ್ನೊಂದು ಸಣ್ಣ ಜಾಗ ಇದೆ. ಗಾಜಿನ ಅಂಚು ಕ್ಲಿಪ್ಪಿನ ಅಥವಾ ರಬ್ಬರಿನ ಕೆಳಗೆ ಸೇರಿಕೊಂಡಿರುತ್ತದೆ ಅಲ್ವಾ, ಅಲ್ಲಿ ಇರುವೆ ಸಾಲಿನ ಹಾಗೆ ಒಂದು ನಂಬರ್ ಮುದ್ರಿಸಿರಬಹುದು. ಅದು ಡಯಲ್‌ನ ಪಾರ್ಟ್ ನಂಬರ್. ನಿಧಾನವಾಗಿ ಕ್ಲಿಪ್ ಸರಿಸಿ ನೋಡಿ, ಆದರೆ ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ. ಹಳೇ ಡಯಲ್‌ನ ಬಣ್ಣ ನೀರು ತಾಗಿದ್ದೇ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಒರೆಸುವ ಮುಂಚೆ ಫೋಟೋ ತೆಗೆಯಿರಿ. ನನ್ನ ಮೊದಲ ಡಯಲ್‌ನಲ್ಲಿ ಈಗ ಅರ್ಧ ಯುರೋಪ್ ಇಲ್ಲ.

ವಾಲ್ವ್‌ಗಳು

ವಾಲ್ವ್ ಮೇಲಿನ ಬ್ರ್ಯಾಂಡನ್ನು ಮರೆತುಬಿಡಿ. ನೋಡಬೇಕಾದದ್ದು ಟೈಪ್ ನಂಬರ್, ಬೇಸ್ (ಸಾಕೆಟ್ಟಿಗೆ ಕೂರುವ ತಳ), ಮತ್ತು ಎಲ್ಲವೂ ಸೇರಿ ಆಗುವ ಗುಂಪು. ಯುರೋಪಿಯನ್ ನಂಬರಿನ ಮೊದಲ ಅಕ್ಷರ ಹೀಟರ್, ಅಂದರೆ ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿಯ ಬಗ್ಗೆ: 'ಇ' ಅಂದರೆ 6.3 ವೋಲ್ಟ್, 'ಎ' ಅಂದರೆ 4 ವೋಲ್ಟ್, 'ಯು' ಅಂದರೆ ಹೀಟರ್‌ಗಳನ್ನು ಒಂದರ ಹಿಂದೊಂದು ಜೋಡಿಸುವ 100 ಮಿಲಿಆಂಪ್‌ನ ಸರಣಿ, 'ಡಿ' ಅಂದರೆ ಬ್ಯಾಟರಿ ಸೆಟ್ಟಿನದ್ದು. ಅಮೆರಿಕನ್ ನಂಬರಿನಲ್ಲಿ ಮುಂದಿನ ಅಂಕಿಯೇ ಸುಮಾರಾಗಿ ಹೀಟರ್ ವೋಲ್ಟ್, 6ವಿ6 ಅಂದರೆ 6.3, 50ಸಿ5 ಅಂದರೆ 50.

ಬೇಸ್ ನೋಡಿದರೆ ಕಾಲ ಗೊತ್ತಾಗುತ್ತದೆ. ನಡುವೆ ಕೀಲಿ ಇರುವ ಎಂಟು ಪಿನ್ನಿನ ಆಕ್ಟಲ್ 1935ರಿಂದ. ಪಿನ್ ಬದಲು ಪಕ್ಕದಲ್ಲಿ ಲೋಹದ ಪಟ್ಟಿಗಳಿರುವುದು ಫಿಲಿಪ್ಸ್ ಬಳಗದ್ದು, 1930ರ ದಶಕದ ನಡುಭಾಗದಿಂದ. ಗಾಜಿನ ತಳದಿಂದಲೇ ತೆಳು ಪಿನ್ ಬಂದು ಪಕ್ಕದಲ್ಲೊಂದು ಸಣ್ಣ ಗುಬುಟು ಇದ್ದರೆ ರಿಮ್‌ಲಾಕ್, 1940ರ ದಶಕದ ಕೊನೆ ಮತ್ತು 50ರ ಶುರು. ಒಂಬತ್ತು ಪಿನ್ನಿನ ನೋವಲ್, ಉದಾಹರಣೆಗೆ ಇಸಿಎಚ್81, ಇಎಲ್84, ಇವು 50ರ ದಶಕದವು. ಹಸಿರು ಕಣ್ಣು, ಅಂದರೆ ಸ್ಟೇಷನ್ ಸರಿಯಾಗಿ ಸಿಕ್ಕಿದೆಯಾ ಅಂತ ತೋರಿಸುವ ಮ್ಯಾಜಿಕ್ ಐ ಇದ್ದರೆ 1935ಕ್ಕಿಂತ ಹಿಂದೆ ಹೋಗಬೇಡಿ.

ಗುಂಪಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು: ಎಲ್ಲರೂ ಬಳಸಿದ ಗುಂಪಿನಿಂದ ಏನೂ ತಿಳಿಯುವುದಿಲ್ಲ. 12ಬಿಇ6, 12ಬಿಎ6, 12ಎವಿ6, 50ಸಿ5, 35ಡಬ್ಲ್ಯು4, ಈ ಐದೂ ಇದ್ದರೆ "ಯುದ್ಧದ ನಂತರದ ಅಮೆರಿಕನ್ ಸೆಟ್ಟು" ಅನ್ನಬಹುದು, ಅಷ್ಟೇ. ಹೀಟರ್ ವೋಲ್ಟ್‌ಗಳನ್ನು ಕೂಡಿಸಿದರೆ ಸುಮಾರು 121, ಅಂದರೆ ಅಲ್ಲಿಯ ಮೇನ್ಸ್‌ಗೆ ನೇರ ಹೊಂದುತ್ತದೆ. ಅದಕ್ಕೇ ಲೆಕ್ಕವಿಲ್ಲದಷ್ಟು ಕಂಪನಿಗಳು ಇದನ್ನೇ ಹಾಕಿದವು. ಅದೇ ಲಾಕ್ಟಲ್ (ಸಾಕೆಟ್ಟಿನಲ್ಲಿ ಲಾಕ್ ಆಗಿ ಕೂರುವ) ಬೇಸಿನ 7ಎ8, 7ಬಿ7, 7ಸಿ6 ತರಹದ ವಾಲ್ವ್‌ಗಳು ಸಾಲಾಗಿ ನಿಂತಿದ್ದರೆ ಮೊದಲು ಫಿಲ್ಕೊ ಕಡೆ ಅನುಮಾನ ಪಡಬೇಕು, ಅವರು ಆ ಬೇಸನ್ನು ಜಾಸ್ತಿ ಬಳಸಿದವರು. ಬ್ರಿಟಿಷ್ ಸೆಟ್ಟಲ್ಲಿ ಕೆಟಿ61, ಎಕ್ಸ್61ಎಂ ತರಹದ ಮಾರ್ಕೋನಿ-ಆಸ್ರಾಂ ವಾಲ್ವ್‌ಗಳೇ ತುಂಬಿದ್ದರೆ ಜಿಇಸಿ, ಎಚ್‌ಎಂವಿ, ಮಾರ್ಕೋನಿಫೋನ್ ಇವುಗಳಿಂದ ಹುಡುಕಾಟ ಶುರು ಮಾಡಬಹುದು.

ವಾಲ್ವ್‌ಗಳು ಸವೆಯುವ ಸಾಮಾನು, ಯಾರೋ ಯಾವಾಗಲೋ ಬದಲಾಯಿಸಿರುತ್ತಾರೆ ಅನ್ನುವುದು ನೆನಪಿರಲಿ. ಸಾಕೆಟ್ಟಿನ ಪಕ್ಕ ಚಾಸಿ ಮೇಲೆ ಟೈಪ್ ನಂಬರ್ ಅಚ್ಚಾಗಿದ್ದರೆ ಅದನ್ನು ನಂಬಿ, ಸಾಕೆಟ್ಟಿನಲ್ಲಿ ಕೂತಿರುವುದನ್ನಲ್ಲ.

ನಾನು ಎಡವಿದ ಸೆಟ್ಟು

ಒಂದು ಸಲ ಕೈಗೆ ಬಂದ ಪುಟ್ಟ ಮರದ ಸೆಟ್ಟಿನಲ್ಲಿ ಔಟ್‌ಪುಟ್ ವಾಲ್ವ್ (ಸ್ಪೀಕರ್ ನಡೆಸುವುದು) ಮೇಲೆ ಟೆಲಿಫುಂಕನ್ ಅಂತ ಮುದ್ದಾಗಿ ಬರೆದಿತ್ತು. ಅಷ್ಟು ಸಾಕಾಯಿತು ನನಗೆ. ಜರ್ಮನ್ ಸೆಟ್ಟು ಅಂತ ತೀರ್ಮಾನಿಸಿ ಎರಡು ವಾರ ಜರ್ಮನ್ ಸರ್ಕ್ಯೂಟ್‌ಗಳನ್ನು ತಿರುವಿ ಹಾಕಿದೆ. ಒಂದೂ ಹೊಂದಲಿಲ್ಲ.

ಕೊನೆಗೆ ಬುದ್ಧಿ ಬಂದು ವಾಲ್ವ್‌ಗಳನ್ನು ಸಾಲಾಗಿ ಇಟ್ಟು ನೋಡಿದೆ. ಯುಸಿಎಚ್42, ಯುಎಫ್41, ಯುಬಿಸಿ41, ಯುಎಲ್41, ಯುವೈ41. ನಾಲ್ಕರ ಮೇಲೆ ಒಂದೇ ದಪ್ಪದ ಜಿಗುಟು ಧೂಳು. ಟೆಲಿಫುಂಕನ್ ಒಂದೇ ಹೆಚ್ಚು ಕಡಿಮೆ ಶುಭ್ರ. ಅಂದರೆ ಆಮೇಲೆ ಯಾರೋ ಹಾಕಿದ್ದು. ಹೀಟರ್ ಲೆಕ್ಕ ಹಾಕಿದೆ: 14, 12.6, 14, 45, 31, ಒಟ್ಟು 116.6 ವೋಲ್ಟ್. ಇದು 110ರಿಂದ 120 ವೋಲ್ಟ್ ಮೇನ್ಸ್ ಇದ್ದ ಕಡೆಯ ಸೆಟ್ಟು. ಆಮೇಲೆ ಡಯಲ್ ಸರಿಯಾಗಿ ಓದಿದೆ. ಜಿಒ, ಪಿಒ, ಒಸಿ! ಎರಡು ವಾರ ನನ್ನ ಕಣ್ಣೆದುರೇ ಇತ್ತು. ಫ್ರೆಂಚ್ ಸೆಟ್ಟು, ರಿಮ್‌ಲಾಕ್ ಇರುವುದರಿಂದ 1940ರ ದಶಕದ ಕೊನೆ ಅಥವಾ 50ರ ಮೊದಲ ವರ್ಷಗಳು.

ನನ್ನ ನಿಯಮ ಕೈಕೊಟ್ಟದ್ದು ಇಲ್ಲಿಂದ ಮುಂದೆ. ಕಂಪನಿಯೇ ಮಾಡಿಕೊಂಡ ಭಾಗ ಅಂತ ಕಾಯಿಲ್ ಬ್ಲಾಕ್ ನೋಡಿದರೆ ಅದರ ಮೇಲೆ ಒಮೇಗಾ ಅಂತ ಇದೆ, ಡಯಲ್ ಮತ್ತು ಗ್ಯಾಂಗ್ (ಸ್ಟೇಷನ್ ಬದಲಿಸುವ ಕಂಡೆನ್ಸರ್) ಮೇಲೆ ಅರೆನಾ ಅಂತ ಇದೆ. ಎರಡೂ ಬಿಡಿಭಾಗ ಮಾರುತ್ತಿದ್ದ ಹೆಸರುಗಳು. ಆ ಕಾಲದ ಫ್ರಾನ್ಸಿನಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳು ಕಾಯಿಲ್, ಡಯಲ್, ಗ್ಯಾಂಗ್ ಎಲ್ಲವನ್ನೂ ಕೊಂಡು ತಂದು ಜೋಡಿಸುತ್ತಿದ್ದವು. ಅವರದ್ದೇ ಅನ್ನಬಹುದಾದ್ದು ಮರದ ಪೆಟ್ಟಿಗೆ ಮತ್ತು ಚಾಸಿ ತಗಡು ಅಷ್ಟೇ. ಸ್ಪೀಕರ್ ಹಲಗೆ ಬಿಚ್ಚಿದಾಗ ಅದರ ಹಿಂದೆ ಪೆನ್ಸಿಲ್‌ನಲ್ಲಿ ಬರೆದ ನಾಲ್ಕು ಅಂಕಿಯ ನಂಬರ್ ಸಿಕ್ಕಿತು, ಹೆಸರು ಸಿಗಲಿಲ್ಲ. ಆದರೂ ಸೆಟ್ಟು ರಿಪೇರಿ ಆಯಿತು, ಯಾಕೆಂದರೆ ಇಂಥ ಕಡೆ ಕಂಪನಿಯ ಸರ್ಕ್ಯೂಟ್ ಬೇಕಾಗುವುದೇ ಇಲ್ಲ, ಅದೇ ಐದು ವಾಲ್ವಿನ ಯಾವುದೇ ಫ್ರೆಂಚ್ ಸೆಟ್ಟಿನದ್ದು ಮುಕ್ಕಾಲು ಪಾಲು ಹೊಂದುತ್ತದೆ.

ಚಾಸಿ ಹೊರಗೆ ತೆಗೆದ ಮೇಲೆ

ದೊಡ್ಡ ಕಂಪನಿಯ ಸೆಟ್ಟಾದರೆ ಕಥೆ ಬೇರೆ. ಅವರು ಐ.ಎಫ್. ಕ್ಯಾನ್ (ಒಳಗೆ ಕಾಯಿಲ್ ಇರುವ ಲೋಹದ ಡಬ್ಬಿ), ಕಾಯಿಲ್, ಟ್ರಾನ್ಸ್‌ಫಾರ್ಮರ್ ಎಲ್ಲದಕ್ಕೂ ತಮ್ಮದೇ ಪಾರ್ಟ್ ನಂಬರ್ ಹಾಕುತ್ತಿದ್ದರು. ಮೂರು ಬೇರೆ ಬೇರೆ ಭಾಗಗಳ ಮೇಲೆ ಒಂದೇ ಶೈಲಿಯ ನಂಬರ್ ಕಂಡರೆ, ಅಂದರೆ ಅದೇ ಮುಂಗಡ ಅಕ್ಷರ, ಅಷ್ಟೇ ಅಂಕಿ, ಅದೇ ಅಡ್ಡಗೆರೆ, ಆಗ ನಿಮ್ಮ ಕೈಯಲ್ಲಿರುವುದು ಕಂಪನಿಯ ಕೈಬರಹ. ಒಂದು ನಂಬರ್ ಹುಡುಕಿ ಸಿಗದಿದ್ದರೆ ಇನ್ನೊಂದು ಹುಡುಕಿ. ಟ್ರಾನ್ಸ್‌ಫಾರ್ಮರ್‌ನ ಪಕ್ಕ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಕಾಗದದ ಸುತ್ತು, ಚಾಸಿಯ ಹಿಂಗೋಡೆ, ಸ್ಪೀಕರ್‌ನ ಹಿಂಭಾಗ, ಪೆಟ್ಟಿಗೆಯ ತಳದ ಒಳಮೈ, ಇವು ಮುದ್ರೆ ಬೀಳುವ ಜಾಗಗಳು. ಮಸುಕಾದ ಮುದ್ರೆಗೆ ಬರಿಗಣ್ಣಿಗಿಂತ ಫೋನ್ ಕ್ಯಾಮೆರಾ ವಾಸಿ, ಫೋಟೋ ತೆಗೆದು ಕಾಂಟ್ರಾಸ್ಟ್ ಜಾಸ್ತಿ ಮಾಡಿ ನೋಡಿ.

ಪೇಟೆಂಟ್ ಚೀಟಿ ಉಳಿದಿದ್ದರೆ ಅದೃಷ್ಟ. ಅಮೆರಿಕದ ಸೆಟ್ಟಲ್ಲಿ ಆರ್‌ಸಿಎ, ಹೇಜಲ್‌ಟೈನ್ ಹೆಸರು ದಪ್ಪವಾಗಿರುತ್ತದೆ. ಅದನ್ನು ನೋಡಿ "ಆರ್‌ಸಿಎ ರೇಡಿಯೋ ಸಿಕ್ಕಿತು" ಅಂತ ಕುಣಿದವರು ಬಹಳ ಮಂದಿ. ಅವರು ಪೇಟೆಂಟ್ ಮಾಲೀಕರು ಅಷ್ಟೇ, ಮಾಡಿದವರ ಹೆಸರು ಇದ್ದರೆ ಕೆಳಗಡೆ ಸಣ್ಣಕ್ಷರದಲ್ಲಿರುತ್ತದೆ.

ಅಮೆರಿಕನ್ ಸ್ಪೀಕರ್, ವಾಲ್ಯೂಮ್ ಕಂಟ್ರೋಲ್‌ಗಳ ಮೇಲೆ ಇನ್ನೊಂದು ಉಪಕಾರಿ ನಂಬರ್ ಇರುತ್ತದೆ. ಮೊದಲ ಮೂರು ಅಂಕಿ ಆ ಭಾಗ ಮಾಡಿದವರದ್ದು: 220 ಅಂದರೆ ಜೆನ್ಸನ್, 137 ಅಂದರೆ ಸಿಟಿಎಸ್, 304 ಅಂದರೆ ಸ್ಟ್ಯಾಕ್‌ಪೋಲ್, 465 ಅಂದರೆ ಆಕ್ಸ್‌ಫರ್ಡ್. ನಂತರ ವರ್ಷ, ಕೊನೆಯ ಎರಡು ಅಂಕಿ ವಾರ. 220639 ಅಂತಿದ್ದರೆ ಜೆನ್ಸನ್, 6ಕ್ಕೆ ಮುಗಿಯುವ ವರ್ಷ, 39ನೇ ವಾರ. ಅದು 1946ರದ್ದೋ 1956ರದ್ದೋ? ಡಯಲ್‌ನಲ್ಲಿ ಕಾನೆಲ್‌ರಾಡ್ ತ್ರಿಕೋನ ಇದ್ದರೆ 1956. ಹೀಗೆ ಒಂದು ಸಾಕ್ಷಿಯ ಅನುಮಾನವನ್ನು ಇನ್ನೊಂದು ಸಾಕ್ಷಿ ಪರಿಹರಿಸಬೇಕು. ಫಿಲಿಪ್ಸ್ ಬಳಗದ ವಾಲ್ವ್‌ಗಳ ಗಾಜಿನ ಬುಡದಲ್ಲೂ ಎರಡು ಸಾಲಿನ ಸಣ್ಣ ಕೋಡ್ ಇರುತ್ತದೆ, ಎರಡನೇ ಸಾಲು ಕಾರ್ಖಾನೆಯಿಂದ ಶುರುವಾಗುತ್ತದೆ. 'ಬಿ' ಅಂದರೆ ಮಲ್ಲಾರ್ಡ್‌ನ ಬ್ಲ್ಯಾಕ್‌ಬರ್ನ್, ತ್ರಿಕೋನ ಅಂದರೆ ನೆದರ್ಲೆಂಡ್ಸಿನ ಹೀರ್ಲೆನ್. ಮುಂದಿನ ಅಂಕಿ ವರ್ಷದ್ದು.

ಚಾಸಿ ಮತ್ತು ಪೆಟ್ಟಿಗೆ ಒಂದೇ ಸೆಟ್ಟಿನವಾ ಅಂತ ಮರೆಯದೆ ನೋಡಿ. ನಾಬ್ ಕಡ್ಡಿಗಳು ತೂತಿನ ನಡುವಿಗೇ ಬರುತ್ತವಾ? ಡಯಲ್ ಮುಳ್ಳು ಎರಡೂ ತುದಿ ಮುಟ್ಟುತ್ತದಾ? ತಳದಲ್ಲಿ ಉಪಯೋಗವಿಲ್ಲದ ಹೆಚ್ಚುವರಿ ಸ್ಕ್ರೂ ತೂತುಗಳಿವೆಯಾ? ಇದ್ದರೆ ಯಾರೋ ಮದುವೆ ಮಾಡಿಸಿದ್ದಾರೆ, ನೀವು ಇಬ್ಬರನ್ನು ಹುಡುಕಬೇಕು.

ತೂತುಗಳು ಸೊಟ್ಟಸೊಟ್ಟ, ಚಾಸಿಯಲ್ಲಿ ಅಚ್ಚೊತ್ತಿದ ನಂಬರ್ ಎಲ್ಲೂ ಇಲ್ಲ, ರಿವೆಟ್ ಬದಲು ಎಲ್ಲಾ ಕಡೆ ನಟ್ಟು ಬೋಲ್ಟು, ಒಂದೊಂದು ಕಂಡೆನ್ಸರ್ ಒಂದೊಂದು ಕಂಪನಿಯದ್ದು, ತಂತಿಯ ಬಣ್ಣಕ್ಕೆ ಲೆಕ್ಕವೇ ಇಲ್ಲ ಅಂತಾದರೆ ಅದು ಮನೆಯಲ್ಲಿ ಕೂತು ಯಾರೋ ಕಟ್ಟಿದ ಸೆಟ್ಟು. ಬೇಜಾರು ಬೇಡ. ಹುಡುಕಾಟ ಅಲ್ಲಿಗೆ ಮುಗಿಯಿತು, ಸರ್ಕ್ಯೂಟನ್ನು ತಂತಿ ಹಿಡಿದು ನೀವೇ ಬರೆದುಕೊಳ್ಳಬೇಕು.

ಇನ್ನು ಹೋಲಿಸುವ ಕೆಲಸ. ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ವಾಲ್ವ್‌ಗಳ ಪಟ್ಟಿ, ಎಷ್ಟು ಬ್ಯಾಂಡ್, ಎಸಿಯೋ ಎಸಿ/ಡಿಸಿಯೋ ಬ್ಯಾಟರಿಯೋ, ಎಷ್ಟು ನಾಬ್, ಪೆಟ್ಟಿಗೆಯ ಅಳತೆ, ಸಿಕ್ಕ ಎಲ್ಲಾ ನಂಬರ್, ಮತ್ತು ಈ ವರ್ಷಕ್ಕಿಂತ ಹಿಂದಿನದ್ದಲ್ಲ ಅನ್ನುವ ಒಂದು ಗಡಿ. ರೇಡಿಯೋಮ್ಯೂಸಿಯಂ ಅನ್ನುವ ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ವಾಲ್ವ್ ಪಟ್ಟಿ ಕೊಟ್ಟು ಹುಡುಕಬಹುದು, ಬ್ಯಾಂಡ್, ದೇಶ, ವರ್ಷ ಸೇರಿಸಿದರೆ ನೂರಾರು ಇದ್ದದ್ದು ಹತ್ತಿಪ್ಪತ್ತಕ್ಕೆ ಇಳಿಯುತ್ತದೆ. ಅಮೆರಿಕದ ಹಳೇ ಸೆಟ್ಟಿಗೆ ರೈಡರ್ ಕೈಪಿಡಿಗಳಿವೆ, 1946ರ ನಂತರದ್ದಕ್ಕೆ ಸ್ಯಾಮ್ಸ್ ಫೋಟೋಫ್ಯಾಕ್ಟ್ ಇದೆ, ಬ್ರಿಟಿಷ್ ಸೆಟ್ಟಿಗೆ ಟ್ರೇಡರ್ ಹಾಳೆಗಳು.

ಹೋಲಿಸುವಾಗ ಪೆಟ್ಟಿಗೆಯ ಮುಖ ನೋಡಿ ಮೋಸ ಹೋಗಬೇಡಿ, ಚಾಸಿಯನ್ನು ಮೇಲಿನಿಂದ ನೋಡಿ. ಟ್ರಾನ್ಸ್‌ಫಾರ್ಮರ್ ಯಾವ ಮೂಲೆ, ಗ್ಯಾಂಗ್ ಅಡ್ಡವೋ ಉದ್ದವೋ, ಐ.ಎಫ್. ಕ್ಯಾನ್ ಚೌಕವೋ ದುಂಡಗೋ, ವಾಲ್ವ್‌ಗಳು ಯಾವ ಕ್ರಮದಲ್ಲಿ ನಿಂತಿವೆ. ಒಂದೇ ಚಾಸಿ ಮೂರು ನಾಲ್ಕು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಹೆಸರಿನಲ್ಲಿ ಮಾರಾಟ ಆಗುವುದು ಮಾಮೂಲಿ. ಹಾಗಾಗಿ ಚಾಸಿ ಹೊಂದಿ ಪೆಟ್ಟಿಗೆ ಹೊಂದದಿದ್ದರೆ ಕೈಬಿಡಬೇಡಿ, ಅದೇ ಕಂಪನಿಯ ಆ ವರ್ಷದ ಬೇರೆ ಮಾಡೆಲ್‌ಗಳನ್ನೂ ನೋಡಿ. ಪೆಟ್ಟಿಗೆ ಹೊಂದಿ ಚಾಸಿ ಹೊಂದದಿದ್ದರೆ ಮಾತ್ರ, ತಳದ ಸ್ಕ್ರೂ ತೂತುಗಳನ್ನು ಇನ್ನೊಂದು ಸಲ ಎಣಿಸಿ.